ಹುಣ್ಣಿಮೆಯ ಲೆಕ್ಕ, ಕಚೇರಿಯ ಗಡುವು: ಚಿಕ್ಕೋಡಿ ಸೀಮೆಯ ದುಡಿಯುವ ಹೆಣ್ಣುಮಕ್ಕಳ ದೂರಿನ ಚರಿತ್ರೆ

ದುಡಿಮೆಯ ಸ್ಥಳದಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ತಾರತಮ್ಯ ಮತ್ತು ಕಿರುಕುಳದ ಚರಿತ್ರೆಯನ್ನು ಬರೆಯಹೊರಡುವ ಸಂಶೋಧಕರಿಗೆ ಎದುರಾಗುವ ಮೊದಲ ತೊಡಕು ಆಕರಗಳದ್ದು. ಕಾರ್ಮಿಕ ಇಲಾಖೆಯ ಕಡತ, ನ್ಯಾಯಾಲಯದ ತೀರ್ಪು, ಪೊಲೀಸ್ ಠಾಣೆಯ ದಾಖಲೆ ಇವೆಲ್ಲ ನಮ್ಮ ಮುಂದಿರುವ ಲಿಖಿತ ಆಕರಗಳು. ಆದರೆ ಇವುಗಳಲ್ಲಿ ಉಳಿದಿರುವುದು ಎರಡು ಜರಡಿಗಳನ್ನು ದಾಟಿಬಂದ ದೂರುಗಳು ಮಾತ್ರ ಎಂಬುದನ್ನು ನಾವು ಮರೆಯುವಂತಿಲ್ಲ. ಒಂದು ಜರಡಿ ಅಧಿಕಾರ ವ್ಯಾಪ್ತಿಯದು: ದೂರು ಯಾವ ಊರಿನ, ಯಾವ ಕಚೇರಿಯ, ಯಾವ ಅಧಿಕಾರಿಯ ಮುಂದೆ ಹೋಗಬೇಕೆಂಬುದು. ಇನ್ನೊಂದು ಕಾಲಮಿತಿಯದು: ಘಟನೆ ನಡೆದ ಎಷ್ಟು ದಿನದೊಳಗೆ ಹೋಗಬೇಕೆಂಬುದು. ತಪ್ಪಿದ ಬಾಗಿಲಿಗೆ ಹೋದದ್ದು, ತಡವಾಗಿ ಹೋದದ್ದು ಕಡತವಾಗುವುದಿಲ್ಲ. ಕಡತವಾಗದ್ದನ್ನು ಇತಿಹಾಸಕಾರರು ನಡೆದೇ ಇಲ್ಲವೆಂದು ಬಗೆಯುವ ಅಪಾಯ ಸದಾ ಇದೆ.

ಈ ಜರಡಿಗಳ ಕೆಳಗೆ ಉದುರಿಹೋದದ್ದನ್ನು ಹುಡುಕುವ ಕೆಲಸ ಜಾನಪದ ಅಧ್ಯಯನಕ್ಕೂ ಸೇರಿದ್ದೆಂಬ ನಂಬಿಕೆಯಿಂದ ಪ್ರಸ್ತುತ ಲೇಖನವನ್ನು ಸಿದ್ಧಪಡಿಸಲಾಗಿದೆ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಇದರ ಕ್ಷೇತ್ರ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ಈ ಸೀಮೆ ತಂಬಾಕು, ಬೀಡಿ, ಕಬ್ಬು, ಚರ್ಮದ ಕೆಲಸಗಳ ನಾಡು. ಈ ನಾಲ್ಕು ಕಸುಬುಗಳಲ್ಲೂ ಹೆಣ್ಣಿನ ಪಾಲು ದೊಡ್ಡದು. ಆಕೆಯ ದೂರು ಏಕೆ ತಡವಾಗುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಈ ಸೀಮೆಯ ಚರಿತ್ರೆಯಲ್ಲಿಟ್ಟು ನೋಡಿದರೆ, ತಡವೆಂಬುದು ಆಕೆಯ ಅಜಾಗರೂಕತೆಯಲ್ಲ, ದುಡಿಮೆಯ ರಚನೆಯೇ ಹುಟ್ಟಿಸಿದ್ದು ಎಂಬುದು ಸ್ಪಷ್ಟವಾಗುತ್ತದೆ.

ಸೀಮೆಗಳ ತೊಡಕು

ಅಧಿಕಾರ ವ್ಯಾಪ್ತಿಯ ಪ್ರಶ್ನೆ ಈ ಭಾಗಕ್ಕೆ ಹೊಸದಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದವು. ನಡುವಿನ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದಾಗಿತ್ತು. ಬ್ರಿಟಿಷ್ ಇಂಡಿಯಾದ ಶಾಸನಗಳು ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯಾಗಲಿ, 1936ರ ವೇತನ ಪಾವತಿ ಕಾಯಿದೆಯಾಗಲಿ, ದೇವದಾಸಿಯರ ರಕ್ಷಣೆಗೆಂದು ಮುಂಬಯಿ ಸರಕಾರ 1934ರಲ್ಲಿ ತಂದ ಕಾಯಿದೆಯಾಗಲಿ ಚಿಕ್ಕೋಡಿಯ ಗಡಿಕಲ್ಲಿನವರೆಗೆ ಬಂದು ನಿಲ್ಲುತ್ತಿದ್ದವು. ಒಂದೇ ಹಂಗಾಮಿನಲ್ಲಿ ಚಿಕ್ಕೋಡಿಯ ಹೊಲದಲ್ಲಿಯೂ ರಾಯಬಾಗದ ಹೊಲದಲ್ಲಿಯೂ ದುಡಿದ ಹೆಣ್ಣಿಗೆ ಕೂಲಿ ಒಂದೇ, ಧಣಿಯ ಗದರಿಕೆ ಒಂದೇ. ಕೇಳುವ ದರಬಾರು ಮಾತ್ರ ಬೇರೆ. 1948ರಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳೂ 1949ರ ಮಾರ್ಚ್ 1ರಂದು ಕೊಲ್ಲಾಪುರವೂ ಮುಂಬಯಿಯಲ್ಲಿ ವಿಲೀನಗೊಂಡ ಮೇಲೆ ಈ ಒಳಗಡಿಗಳು ಅಳಿದವು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಅಳಿದ ಒಳಗಡಿಯ ಬದಲು ಉತ್ತರಕ್ಕೆ ಒಂದು ಹೊಸ ಗಡಿ, ರಾಜ್ಯದ ಗಡಿ, ಎದ್ದುನಿಂತಿತು. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು 1967ರ ಮಹಾಜನ ವರದಿ ಸೂಚಿಸಿತ್ತು. ವರದಿ ಜಾರಿಯಾಗಲಿಲ್ಲ, 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ವಿವಾದದ ಬಗ್ಗೆ ಬರೆದದ್ದು ರಾಶಿಯಷ್ಟಿದೆ. ಗಡಿಯ ಎರಡೂ ಬದಿಗೆ ಕೂಲಿಗೆ ಹೋಗುವ ಹೆಣ್ಣಿನ ದೂರನ್ನು ಯಾರು ಕೇಳಬೇಕೆಂಬ ಚರ್ಚೆ ಮಾತ್ರ ಆ ರಾಶಿಯಲ್ಲಿ ಬೆರಳೆಣಿಕೆಗೂ ಸಿಗುವುದಿಲ್ಲ.

ಕಾಲಮಿತಿಯ ಕಲ್ಪನೆಯೂ ಹೊರಗಿನಿಂದ ಬಂದದ್ದೇ. ಈ ಭಾಗದ ಹಳ್ಳಿಗಳಲ್ಲಿ ‘ದೈವ’ವೆಂದರೆ ದೇವರಷ್ಟೇ ಅಲ್ಲ, ಕೂಡಿದ ಊರ ಹಿರಿಯರ ಸಭೆಯೂ ಹೌದು. ದೈವದ ಮುಂದೆ ಹತ್ತು ವರ್ಷದ ಹಿಂದಿನ ಒಡ್ಡಿನ ಜಗಳವನ್ನೂ ಎತ್ತಬಹುದಾಗಿತ್ತು. ‘ತಡವಾಯಿತು’ ಎಂಬುದು ಅಲ್ಲಿ ವಾದವೇ ಅಲ್ಲ. ಆದರೆ ಇದನ್ನು ಕಂಡು ಹಿಂದಿನದೆಲ್ಲ ಚೆನ್ನಾಗಿತ್ತೆಂದು ನಮ್ಮ ಜಾನಪದ ವಿದ್ವಾಂಸರು ಕೆಲವೊಮ್ಮೆ ಬರೆಯುವುದನ್ನು ಒಪ್ಪಲಾಗದು. ಕಾಲದ ಗಡುವಿಲ್ಲದ ಆ ಕಟ್ಟೆಯ ಮೇಲೆ ಹೆಣ್ಣಿಗೆ ಕೂಡಲು ಜಾಗವಿರಲಿಲ್ಲ. ಆಕೆಯ ಪರವಾಗಿ ತಂದೆಯೋ ಗಂಡನೋ ಅಣ್ಣನೋ ಮಾತಾಡಬೇಕಿತ್ತು. ಹೊಲದ ಧಣಿಯೇ ಪಂಚರಲ್ಲಿ ಒಬ್ಬನಾಗಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ವಸಾಹತು ಆಡಳಿತ ತಂದ ಕಚೇರಿ ಇದಕ್ಕೆ ತಿರುವುಮುರುವಾದುದು. ಅಲ್ಲಿ ತತ್ವತಃ ಯಾರೂ ಅರ್ಜಿ ಹಾಕಬಹುದು, ಆದರೆ ಗಡುವಿನೊಳಗೆ. 1906ರ ಮಾಮಲೇದಾರ ನ್ಯಾಯಾಲಯಗಳ ಕಾಯಿದೆ ಸ್ವಾಧೀನ ಮತ್ತು ನೀರಿನ ತಕರಾರುಗಳಿಗೆ ಆರು ತಿಂಗಳ ಮಿತಿ ಹಾಕಿತ್ತು. ಇಂದಿಗೂ ಈ ಕಡೆಯ ಹಿರಿಯರು ತಹಶೀಲ್ದಾರರನ್ನು ‘ಮಾಮಲೇದಾರ’ರೆನ್ನುವುದುಂಟು. ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯಲ್ಲಿ ಖರ್ಚಿನ ಅಳಲಿನ ಜೊತೆಗೆ ಈ ಗಡುವಿನ ದಣಿವೂ ಸೇರಿದೆ ಎನ್ನಬಹುದು.

ನಿಪ್ಪಾಣಿಯ ವಖಾರಿಗಳು

ನಿಪ್ಪಾಣಿಯ ಹೆಸರು ಬೀಡಿ ತಂಬಾಕಿನೊಂದಿಗೆ ಬೆಸೆದುಕೊಂಡದ್ದು. ಹೊಲದಿಂದ ಬಂದ ಸೊಪ್ಪನ್ನು ಬಡಿದು, ಕಡ್ಡಿ ಬೇರ್ಪಡಿಸಿ, ಜರಡಿ ಹಿಡಿದು, ದರ್ಜೆವಾರು ವಿಂಗಡಿಸುವ ಕೆಲಸ ವಖಾರಿಗಳಲ್ಲಿ ನಡೆಯುತ್ತಿತ್ತು. ಆ ದೂಳಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತವರು ಹೆಂಗಸರು. ತೂಗುವವ, ಲೆಕ್ಕ ಬರೆಯುವ ದಿವಾಣಜಿ, ಮೇಲ್ವಿಚಾರಕ ಇವರೆಲ್ಲ ಗಂಡಸರು. ದಲಿತರು, ಬಡ ಮುಸ್ಲಿಮರು, ವಿಧವೆಯರು, ಗಂಡ ಬಿಟ್ಟವರು, ದೇವದಾಸಿಯರು ಈ ಹೆಂಗಸರಲ್ಲಿದ್ದರು. ‘ಕೇಳುವವರಿಲ್ಲ’ ಎಂಬ ಭಾವನೆಯಿಂದ ಇವರ ಮೇಲೆ ಕೈಮಾಡಲು ಹಿಂಜರಿಯದ ಗಂಡಸರ ಸಂಗತಿ ಆ ಕಾಲದ ಬರಹಗಳಲ್ಲಿ ದಾಖಲಾಗಿದೆ. ಮರುದಿನದ ಕೆಲಸ ಯಾರಿಗೆ, ಯಾರಿಗಿಲ್ಲ ಎಂಬುದು ಮೇಲ್ವಿಚಾರಕನ ಬಾಯಿಮಾತಿನಲ್ಲಿತ್ತು. ಹಾಜರಿಪಟ್ಟಿಯಲ್ಲಿ ಹೆಸರಿಲ್ಲದವಳು ತಾನು ಅಲ್ಲಿನ ಕೆಲಸಗಾರ್ತಿಯೆಂದೇ ಮೊದಲು ಸಿದ್ಧಪಡಿಸಬೇಕಿತ್ತು.

ಆಗಲೂ ಕಾಯಿದೆಗಳಿದ್ದವು. 1948ರ ಕನಿಷ್ಠ ವೇತನ ಕಾಯಿದೆಯ ಅನುಸೂಚಿಯಲ್ಲಿ ಬೀಡಿ ಸಹಿತವಾದ ತಂಬಾಕಿನ ಉದ್ದಿಮೆ ಮೊದಲಿನಿಂದಲೂ ಇತ್ತು. ಆ ಕಾಯಿದೆಯಡಿ ಬಾಕಿ ಕೂಲಿಯ ಅರ್ಜಿಗೆ ಆರು ತಿಂಗಳ ಗಡುವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮಾತ್ರ ಹೆಂಗಸರನ್ನು ದುಡಿಸಬಹುದೆಂದು ವಿಧಿಸಿತ್ತು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತ್ತು. 1974ರಲ್ಲಿ ಮಂಗಳೂರು ಗಣೇಶ ಬೀಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. 1976ರ ಸಮಾನ ವೇತನ ಕಾಯಿದೆಯೂ ಬಂತು. ಆದರೆ ‘ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ’ಕ್ಕೆ ಸಮಾನ ವೇತನವೆಂದಾಗ, ಜರಡಿ ಹಿಡಿಯುವುದು ಬೇರೆ, ತೂಗುವುದು ಬೇರೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹೆಸರು ಬೇರೆಯಿದ್ದ ಮಾತ್ರಕ್ಕೆ ಕೆಲಸ ಬೇರೆಯಾಗದು, ವಿಶಾಲ ದೃಷ್ಟಿಯಿಂದ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1987ರಲ್ಲಿ, ಮುಂಬಯಿಯ ಹಡಗು ಕಂಪನಿಯೊಂದರ ಸ್ಟೆನೋಗ್ರಾಫರೊಬ್ಬರ ಪ್ರಕರಣದಲ್ಲಿ.

ಇಂಥ ಸ್ಥಿತಿಯಲ್ಲಿ ನಿಪ್ಪಾಣಿಯ ಹೆಂಗಸರು ಹಿಡಿದ ದಾರಿ ಅರ್ಜಿಯದಲ್ಲ. 1970ರ ದಶಕದ ಕೊನೆ ಹಾಗೂ 1980ರ ದಶಕದ ಆರಂಭದಲ್ಲಿ ಸುಭಾಷ ಜೋಶಿಯವರ ಮುಂದಾಳತ್ವದಲ್ಲಿ ಅವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. ಬೆಂಗಳೂರಿನ ಯುಗಾಂತರ ಚಲನಚಿತ್ರ ತಂಡ ಕೆಲವು ತಿಂಗಳು ಇವರ ನಡುವೆ ಇದ್ದು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವನ್ನು ತಯಾರಿಸಿತು. ದೀಪಾ ಧನರಾಜ್ ಮತ್ತು ನವರೋಜ್ ಕಾಂಟ್ರಾಕ್ಟರ್ ಆ ತಂಡದವರು. ಛಾಯಾ ದಾತಾರ್ ಅವರು ಈ ಸಂಘಟನೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1989ರಲ್ಲಿ ಪ್ರಕಟವಾಯಿತು. ಕೂಲಿಯ ಬೇಡಿಕೆಯೊಂದಿಗೆ ಮೈಮೇಲಿನ ಕಿರುಕುಳದ ಮಾತೂ ಅಲ್ಲಿ ಹೊರಬಂದದ್ದು ಈ ಲೇಖನದ ದೃಷ್ಟಿಯಿಂದ ಬಹುಮುಖ್ಯವಾದ ಅಂಶ. ವರ್ಷಗಳ ಕಾಲ ಒಬ್ಬೊಬ್ಬಳೇ ನುಂಗಿಕೊಂಡದ್ದು ನೂರಾರು ಜನ ಬೀದಿಯಲ್ಲಿ ಕೂಡಿದಾಗ ಮಾತಾಯಿತು. ಒಬ್ಬಳು ಹೇಳಿದ ಮೇಲೆ ಇನ್ನೊಬ್ಬಳಿಗೆ ತನ್ನದೂ ಹೇಳಬಹುದಾದದ್ದೆಂದು ಅನಿಸಿತು. ಮುಷ್ಕರಕ್ಕೆ ಕಾಲಮಿತಿಯ ಕಾಯಿದೆ ಅನ್ವಯಿಸುವುದಿಲ್ಲ. ಹಿಂದಿನ ಹತ್ತು ವರ್ಷದ ಸಂಗತಿಯನ್ನೂ ಅಲ್ಲಿ ಇಂದಿನ ಬೇಡಿಕೆಯಾಗಿ ಇಡಬಹುದು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ತಂಬಾಕು ಬೆಳೆಗಾರರ ಹೋರಾಟ ನಡೆದು, ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆ ಬಲಿದಾನದ ಸ್ಮರಣೆ ನ್ಯಾಯವಾಗಿಯೇ ಉಳಿದಿದೆ. ಆದರೆ ಅದೇ ಬೆಳೆಯನ್ನು ಜರಡಿ ಹಿಡಿದವರ ಹೋರಾಟ ನಮ್ಮ ಪ್ರಾದೇಶಿಕ ಚರಿತ್ರೆಗಳಲ್ಲಿ ಒಂದು ವಾಕ್ಯವಾಗಿಯೂ ಬರುವುದು ಅಪರೂಪ. ಎರಡು ಹೋರಾಟಗಳ ಮುಂದಾಳುಗಳ ಅಡ್ಡಹೆಸರು ಒಂದೇ ಆಗಿರುವುದರಿಂದ ಕೆಲವು ಬರಹಗಳಲ್ಲಿ ಎರಡೂ ಕಲಸಿಹೋಗಿವೆ.

ಮೂರು ವರ್ಷ ಮತ್ತು ಮೂರು ತಿಂಗಳು

ಕೂಲಿಯ ದೂರಿನ ಗಡುವು ಕಾಲಕ್ರಮೇಣ ಸಡಿಲಗೊಂಡಿದೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ಮೊದಲು ಆರು ತಿಂಗಳಿತ್ತು. 1964ರ ತಿದ್ದುಪಡಿ ಅದನ್ನು ಹನ್ನೆರಡು ತಿಂಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ಇದನ್ನು ಮೂರು ವರ್ಷಕ್ಕೆ ವಿಸ್ತರಿಸಿತು. ಸಮಾನ ವೇತನ, ಕನಿಷ್ಠ ವೇತನ ಕಾಯಿದೆಗಳೂ ಅದರಲ್ಲಿ ಲೀನವಾದವು. ವಜಾಗೊಂಡವರ ವಿಷಯದಲ್ಲಿ ಈ ಓಟ ಸರಳವಾಗಿಲ್ಲ. ಕರ್ನಾಟಕದ ತಿದ್ದುಪಡಿಯ ಪ್ರಕಾರ ವಜಾ ಆದವರು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. 2010ರ ಕೇಂದ್ರ ತಿದ್ದುಪಡಿ ಮೂರು ವರ್ಷ ಕೊಟ್ಟಿತು. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎರಡು ವರ್ಷಕ್ಕಿಳಿಸಿದೆ.

ಕೂಲಿಯ ತಾರತಮ್ಯದಲ್ಲಿ ಗಡುವು ಎಂದಿನಿಂದ ಓಡತೊಡಗುತ್ತದೆ ಎಂಬುದೇ ಒಂದು ಸಮಸ್ಯೆ. ಅಮೆರಿಕದ ಅಲಬಾಮಾದ ಟೈರ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲಿ ಲೆಡ್‌ಬೆಟರ್ ಅವರಿಗೆ ಗಂಡಸರಿಗಿಂತ ತನಗೆ ಕಡಿಮೆ ಸಂಬಳವೆಂಬುದು ತಿಳಿದದ್ದೇ ಸೇವೆಯ ಕೊನೆಗಾಲದಲ್ಲಿ. ತಾರತಮ್ಯದ ಮೂಲ ತೀರ್ಮಾನವಾಗಿ 180 ದಿನ ದಾಟಿದೆಯೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಅವರ ದೂರನ್ನು ತಳ್ಳಿಹಾಕಿತು. 2009ರಲ್ಲಿ ಅವರ ಹೆಸರಿನಲ್ಲೇ ಬಂದ ಕಾಯಿದೆ, ತಾರತಮ್ಯದ ಪ್ರತಿ ಸಂಬಳವೂ ಹೊಸ ಗಡುವನ್ನು ಆರಂಭಿಸುತ್ತದೆಂದು ಸ್ಪಷ್ಟಪಡಿಸಿತು. ವಾರವಾರ ಬಟವಡೆ ಪಡೆಯುವ ನಮ್ಮ ಬೀಡಿ ಕಾರ್ಮಿಕಳಿಗೆ ಈ ತರ್ಕ ಸುಲಭವಾಗಿ ಅರ್ಥವಾಗುವಂಥದು. ಪ್ರತಿ ವಾರವೂ ಒಂದಿಷ್ಟು ಬೀಡಿಯನ್ನು ಕಳಪೆಯೆಂದು ತಿರಸ್ಕರಿಸುವ ಅಧಿಕಾರ ಎದುರಿಗಿನವನ ಕೈಯಲ್ಲಿರುತ್ತದೆ. ತಿರಸ್ಕಾರವೆಂಬುದು ಕೂಲಿ ಕಡಿತದ ಉಪಾಯವೂ ಹೌದು, ಆತನ ಮಾತಿಗೆ ಒಗ್ಗದವಳನ್ನು ಬಗ್ಗಿಸುವ ಉಪಾಯವೂ ಹೌದು. ಇವೆರಡನ್ನು ಕಾಯಿದೆ ಬೇರೆಬೇರೆ ಕಚೇರಿಗಳಿಗೆ ಹಂಚಿದೆ. ಆಕೆಯ ಅನುಭವದಲ್ಲಿ ಅದು ಒಂದೇ ಘಟನೆ.

ಕಿರುಕುಳದ ದೂರಿಗೆ ಬರೋಣ. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ದೂರು ಕೊಡುವವರಿಗೆ ಗಡುವು ಹಾಕಿರಲಿಲ್ಲ. ಗಡುವು ಬಂದದ್ದು 2013ರ ಕಾಯಿದೆಯ 9ನೆಯ ಪ್ರಕರಣದಲ್ಲಿ: ಘಟನೆ ನಡೆದ, ಸರಣಿ ಘಟನೆಗಳಿದ್ದರೆ ಕೊನೆಯದು ನಡೆದ, ಮೂರು ತಿಂಗಳೊಳಗೆ ಲಿಖಿತ ದೂರು, ಸಕಾರಣವಿದ್ದರೆ ಇನ್ನು ಮೂರು ತಿಂಗಳು. ಆ ವರ್ಷದ ಜನವರಿಯಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ವರ್ಮಾ ಸಮಿತಿ ಮೂರು ತಿಂಗಳ ಮಿತಿಯನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತ್ತು. ಅದು ಒಪ್ಪಿತವಾಗಲಿಲ್ಲ. ಆರು ತಿಂಗಳಾಚೆಗೆ ಎಂಥ ಕಾರಣವೂ ನಡೆಯದು ಎಂಬುದನ್ನು 2025ರ ಸೆಪ್ಟೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಖಚಿತಪಡಿಸಿತು. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಅಧ್ಯಾಪಕಿ 2023ರ ಏಪ್ರಿಲ್ ತಿಂಗಳ ಘಟನೆಗೆ ಡಿಸೆಂಬರಿನಲ್ಲಿ ಕೊಟ್ಟ ದೂರು ತಡವೆಂದು ತೀರ್ಮಾನವಾಯಿತು. ನಂತರದ ಆಡಳಿತಾತ್ಮಕ ಕ್ರಮಗಳು ಕಿರುಕುಳದ ಮುಂದುವರಿಕೆಯಲ್ಲವೆಂದು ನ್ಯಾಯಾಲಯ ಹೇಳಿತು. ಕಾನೂನು ಕಲಿಸುವವರಿಗೇ ಗಡುವು ತಪ್ಪಬಹುದಾದರೆ ಅಕ್ಷರ ಬಾರದ ಕೂಲಿಕಾರಳ ಮಾತೇನು?

ಒಂದೇ ಊರಿನಲ್ಲಿ ಇಂದು ಕೂಲಿ ಕಡಿತದ ದೂರಿಗೆ ಮೂರು ವರ್ಷ, ಮೈಮುಟ್ಟಿದ ದೂರಿಗೆ ಮೂರು ತಿಂಗಳು. ಇದನ್ನು ಸಮರ್ಥಿಸುವವರು ಸಾಕ್ಷ್ಯ ಅಳಿಯುತ್ತದೆ, ಆರೋಪಿತನಿಗೂ ನ್ಯಾಯ ಬೇಕೆನ್ನುತ್ತಾರೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕ್ರಿಮಿನಲ್ ಕಾನೂನು ಅದೇ ಸಂಗತಿಯನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಲೈಂಗಿಕ ಕಿರುಕುಳದ ಅಪರಾಧಕ್ಕೆ ಗರಿಷ್ಠ ಮೂರು ವರ್ಷ ಶಿಕ್ಷೆಯಿರುವುದರಿಂದ ನ್ಯಾಯಾಲಯ ಅದನ್ನು ವಿಚಾರಣೆಗೆತ್ತಿಕೊಳ್ಳಲು ಮೂರು ವರ್ಷದ ಅವಕಾಶವಿದೆ. ಮಾನಭಂಗಕ್ಕಾಗಿ ನಡೆಸಿದ ಹಲ್ಲೆಗೆ ಐದು ವರ್ಷದವರೆಗೆ ಶಿಕ್ಷೆಯಿರುವುದರಿಂದ ಅದಕ್ಕೆ ಗಡುವೇ ಇಲ್ಲ. ಪರಿಶಿಷ್ಟ ಜಾತಿಯ ಹೆಣ್ಣನ್ನು ದೇವದಾಸಿಯಾಗಿ ಬಿಡುವುದನ್ನೂ ಆಕೆಯ ಮೈಮುಟ್ಟುವುದನ್ನೂ ದೌರ್ಜನ್ಯ ತಡೆ ಕಾಯಿದೆಯ 2015ರ ತಿದ್ದುಪಡಿ ಅಪರಾಧವೆಂದು ಹೆಸರಿಸಿತು. ಅದಕ್ಕೂ ಐದು ವರ್ಷದವರೆಗೆ ಶಿಕ್ಷೆ, ಹಾಗಾಗಿ ಗಡುವಿಲ್ಲ. ಅಂದರೆ ಅತ್ಯಂತ ಕಠಿಣವಾದ ದಾರಿ, ಠಾಣೆಯ ದಾರಿ, ಬಹುಕಾಲ ತೆರೆದಿರುತ್ತದೆ. ಸುಲಭವಾಗಲೆಂದೇ ಕಟ್ಟಿದ ದಾರಿ ಬೇಗ ಮುಚ್ಚುತ್ತದೆ.

ಪಂಚಮಿಗೆ ಬಂದ ಮಾತು

ಮೂರು ತಿಂಗಳೆಂಬ ಅಳತೆ ಈ ಸೀಮೆಯ ಹೆಣ್ಣಿನ ಕಾಲಗಣನೆಯಲ್ಲಿ ಎಲ್ಲಿ ಬೀಳುತ್ತದೆ? ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ತಿಳಿದಂತೆ ಇಲ್ಲಿನ ಹೆಣ್ಣುಮಕ್ಕಳು ತಾರೀಖು ಹೇಳುವುದು ಕಡಿಮೆ. ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ ಎಂದು ವರ್ಷ ಸಾಗುತ್ತದೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಯದು. ‘ಮಾಯಕ್ಕನ ಜಾತ್ರೀ ಮುಂದ’, ‘ಜಾತ್ರೀ ಹಿಂದ’ ಎಂದರೆ ಕೇಳುವವರಿಗೆ ಕಾಲ ತಿಳಿಯುತ್ತದೆ. ಯಲ್ಲಮ್ಮನ ಪರಂಪರೆಯಲ್ಲಿ ಹೊಸ್ತಿಲ ಹುಣ್ಣಿಮೆ ಬಳೆ ಒಡೆಯುವ ರಂಡಿ ಹುಣ್ಣಿಮೆ, ಭಾರತ ಹುಣ್ಣಿಮೆ ಮತ್ತೆ ಬಳೆ ತೊಡುವ ಮುತ್ತೈದೆ ಹುಣ್ಣಿಮೆ. ಇಂಥ ಗಣನೆ ಅಸ್ಪಷ್ಟವೆಂದು ವಿಚಾರಣೆಯಲ್ಲಿ ತಳ್ಳುವುದುಂಟು. ವಾಸ್ತವದಲ್ಲಿ ಅದು ಪಂಚಾಂಗದಷ್ಟೇ ಖಚಿತ. ತಾರೀಖಿಗೆ ತಿರುಗಿಸಿಕೊಳ್ಳುವ ಶ್ರಮ ಕಚೇರಿಯದ್ದಾಗಬೇಕು.

ಇನ್ನು ಹೇಳುವ ಕಾಲ. ಉತ್ತರ ಕರ್ನಾಟಕದ ಹೆಣ್ಣಿಗೆ ಮನಸ್ಸು ಬಿಚ್ಚುವ ಸಾಂಪ್ರದಾಯಿಕ ಅವಕಾಶ ನಾಗರ ಪಂಚಮಿ. ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆ; ಜೋಕಾಲಿಯ ಬಳಿ, ಒಲೆಯ ಮುಂದೆ, ತಾಯಿ ಮತ್ತು ಗೆಳತಿಯರೆದುರು ಹೊರಗೆ ಹೇಳಲಾಗದ್ದು ಹೊರಬರುತ್ತದೆ. ಬೀಸುವ ಪದಗಳಲ್ಲಿ ತವರು, ಅತ್ತೆಮನೆ, ಧಣಿಯ ಮನೆಯ ಸಂಕಟಗಳು ಹೆಸರು ಮರೆಸಿಕೊಂಡು ಬರುವುದನ್ನು ನಮ್ಮ ಸಂಗ್ರಾಹಕರು ಗುರುತಿಸಿದ್ದಾರೆ. ಈಗ ಲೆಕ್ಕ ಹಾಕೋಣ. ಹೋಳಿ ಹುಣ್ಣಿಮೆಯಂದು ನಡೆದದ್ದನ್ನು ಮುಂದಿನ ಪಂಚಮಿಗೆ ಹೇಳಿದರೆ ನಾಲ್ಕು ತಿಂಗಳು ಇಪ್ಪತ್ತು ದಿನ: ಮೂರು ತಿಂಗಳು ಮುಗಿದಿದೆ, ಸಕಾರಣ ತೋರಿಸಬೇಕು. ಹೊಸ್ತಿಲ ಹುಣ್ಣಿಮೆಯಂದು ನಡೆದದ್ದಾದರೆ ಪಂಚಮಿಗೆ ಏಳು ತಿಂಗಳು ಇಪ್ಪತ್ತು ದಿನ: ಯಾವ ಸಮಿತಿಯೂ ಕೇಳುವಂತಿಲ್ಲ. ಅಧಿಕಮಾಸ ಬಂದರೆ ಮತ್ತೊಂದು ತಿಂಗಳು. ಕಬ್ಬಿನ ಕಟಾವು ಮತ್ತು ತಂಬಾಕಿನ ಸುಗ್ಗಿ ಎರಡೂ ಬೀಳುವುದು ಈ ಹೊಸ್ತಿಲ ಹುಣ್ಣಿಮೆಯಿಂದ ಹೋಳಿಯವರೆಗಿನ ಅವಧಿಯಲ್ಲಿಯೇ. ದುಡಿಮೆಯ ದಟ್ಟಣೆಯ ಕಾಲ ಮತ್ತು ಮಾತಿನ ಬಿಡುವಿನ ಕಾಲ, ಇವುಗಳ ನಡುವಿನ ಅಂತರ ಕಾಯಿದೆಯ ಗಡುವಿಗಿಂತ ದೊಡ್ಡದು.

ಈ ಲೆಕ್ಕಕ್ಕೆ ಆಕ್ಷೇಪವೂ ಇದೆ. ಇಂದು ಕೈಯಲ್ಲಿ ಮೊಬೈಲ್ ಫೋನಿದೆ, ತವರಿಗೆ ಮಾತಾಡಲು ಪಂಚಮಿಗೆ ಕಾಯಬೇಕಿಲ್ಲ, ಬೀಸುವ ಕಲ್ಲು ಮೂಲೆ ಸೇರಿದೆ ಎನ್ನಬಹುದು. ನಿಜ. ಆದರೆ ತಡ ಮಾಡಿಸುವುದು ದೂರವಲ್ಲ, ಕೆಲಸ ಹೋಗುವ ಭಯ. ಹಂಗಾಮು ಮುಗಿದು ಲೆಕ್ಕ ಚುಕ್ತಾ ಆಗುವವರೆಗೆ ಬಾಯಿ ತೆರೆಯಲಾಗದು.

ಕಬ್ಬಿನ ಗ್ಯಾಂಗು ಮತ್ತು ಗಡಿ

ಈ ಭಯದ ಗಟ್ಟಿ ನಿದರ್ಶನ ಕಬ್ಬಿನ ಕಟಾವು. ಉಗಾರದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಬಳಿಕ ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡಗಳಲ್ಲಿ ಕಾರ್ಖಾನೆಗಳು ಹೆಚ್ಚಿದವು. ಮಹಾರಾಷ್ಟ್ರದ ಬೀಡ ಮೊದಲಾದ ಬರಪೀಡಿತ ಜಿಲ್ಲೆಗಳಿಂದ ಗ್ಯಾಂಗುಗಳು ಶೀಗಿ ಹುಣ್ಣಿಮೆಯ ನಂತರ ಬಂದು ಬೇಸಿಗೆಯ ಹೊತ್ತಿಗೆ ಮರಳುತ್ತವೆ. ಗಂಡ ಹೆಂಡಿರ ಜೋಡಿಗೆ ‘ಕೋಯ್ತಾ’ ಎಂದು ಹೆಸರು. ಕೂಲಿ ಟನ್ನಿಗೆ ಇಷ್ಟೆಂದು ಜೋಡಿಯ ಲೆಕ್ಕದಲ್ಲಿ. ಮುಂಗಡ ಪಡೆದವನು ಗಂಡ, ಸಹಿ ಹಾಕಿದವನು ಗಂಡ. ಹೆಂಡತಿಯ ದುಡಿಮೆಗೆ ಪ್ರತ್ಯೇಕ ವೇತನವೇ ಇಲ್ಲದಿರುವಾಗ ವೇತನದ ತಾರತಮ್ಯವನ್ನು ಅಳೆಯುವುದೆಲ್ಲಿ?

ಕಿರುಕುಳದ ದೂರಾದರೆ ಬಾಗಿಲು ಯಾವುದೆಂಬುದು ಮೊದಲ ಪ್ರಶ್ನೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, 2013ರ ಕಾಯಿದೆ ಜಿಲ್ಲೆಯ ಸ್ಥಳೀಯ ಸಮಿತಿಯತ್ತ ಕೈತೋರುತ್ತದೆ. ಆ ಸಮಿತಿಯ ವ್ಯಾಪ್ತಿ ಜಿಲ್ಲೆ. ಗ್ಯಾಂಗಿನ ಮುಕಾದಮ ಬೀಡದವನು, ಹೊಲ ಅಥಣಿಯ ರೈತನದು, ಕಬ್ಬು ಕಾರ್ಖಾನೆಯದು, ಗುಡಿಸಲು ಊರಾಚೆಯ ಮಾಳದಲ್ಲಿ. ಕಾಯಿದೆಯ ಮಾತಿನಲ್ಲಿ ಇವೆಲ್ಲವೂ ಕೆಲಸದ ಸ್ಥಳದ ವ್ಯಾಖ್ಯೆಗೆ ಒಳಪಡಬಲ್ಲವು, ಗುತ್ತಿಗೆದಾರನ ಮೂಲಕ ಬಂದವಳೂ ಉದ್ಯೋಗಿಯೇ. ಆದರೆ ಮಾಘದಲ್ಲಿ ನಡೆದದ್ದನ್ನು ಆಕೆ ಊರಿಗೆ ಮರಳಿದ ಮೇಲೆ ಹೇಳಿದರೆ ಬೀಡದ ಸಮಿತಿ ಬೆಳಗಾವಿಗೆ ಹೋಗೆನ್ನಬಹುದು. ಬೆಳಗಾವಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕಾಗವಾಡ, ನಿಪ್ಪಾಣಿಗಳಿಂದ ಗಡಿ ದಾಟಿ ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳಿಗೆ ಕೂಲಿಗೆ ಹೋಗುವವರಿಗೂ ಇದೇ ಕತೆ, ದಿಕ್ಕು ಮಾತ್ರ ತಿರುವುಮುರುವು. 1963ರ ಕಾಲಮಿತಿ ಕಾಯಿದೆಯ 14ನೆಯ ಪ್ರಕರಣ, ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಸದ್ಭಾವನೆಯಿಂದ ಕಳೆದ ಕಾಲವನ್ನು ಲೆಕ್ಕದಿಂದ ಬಿಡಬೇಕೆನ್ನುತ್ತದೆ. ಈ ತತ್ವ ಅರೆನ್ಯಾಯಿಕ ಸಂಸ್ಥೆಗಳಿಗೂ ವಿಸ್ತರಿಸಬಹುದಾದದ್ದೆಂದು ಸರ್ವೋಚ್ಚ ನ್ಯಾಯಾಲಯ ಇತರ ಸಂದರ್ಭಗಳಲ್ಲಿ ಹೇಳಿದೆ. ಗ್ಯಾಂಗಿನ ಹೆಣ್ಣಿನ ಪರವಾಗಿ ಈ ವಾದವನ್ನು ಮಂಡಿಸಬೇಕಾದ ಅಗತ್ಯವಿದೆ. ಪೊಲೀಸ್ ದೂರಿನ ವಿಷಯದಲ್ಲಿ ಇಂಥ ತೊಡಕು ಕಡಿಮೆಯಾಗಿದೆ: 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಎಲ್ಲಿಯೇ ನಡೆದಿರಲಿ ಯಾವ ಠಾಣೆಯೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ಸ್ಥಳೀಯ ಸಮಿತಿಗಳಿಗೆ ಅಂಥ ನಿಯಮವಿಲ್ಲ. ದೂರು ಕೊಟ್ಟವಳ ಇಲಾಖೆಯ ಸಮಿತಿಯೇ ಬೇರೆ ಇಲಾಖೆಯ ನೌಕರನ ಮೇಲಿನ ದೂರನ್ನು ವಿಚಾರಿಸಬಹುದೆಂದು 2025ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಒಳ್ಳೆಯ ಬೆಳವಣಿಗೆ; ಇಲಾಖೆಯೇ ಇಲ್ಲದವರಿಗೆ ಅದರಿಂದಾಗುವ ನೆರವು ಅಲ್ಪ.

ಮನೆಯಲ್ಲೇ ದುಡಿಯುವವರದು ಇನ್ನೂ ಬೇರೆ ತೊಡಕು. ಅಥಣಿ, ನಿಪ್ಪಾಣಿ ಭಾಗದಲ್ಲಿ ಕೊಲ್ಲಾಪುರಿ ಚಪ್ಪಲಿಯ ಹೊಲಿಗೆ, ಹೆಣಿಗೆಯ ಕೆಲಸ ಬಹುಪಾಲು ಹೆಂಗಸರದು, ಮನೆಯ ಪಡಸಾಲೆಯಲ್ಲಿ ನಡೆಯುವಂಥದು. ಬೀಡಿ ಕಟ್ಟುವವರದೂ ಹಾಗೆಯೇ. ಇವರ ಮೇಲೆ ಕಿರುಕುಳ ನಡೆಯುವುದು ಸಾಮಗ್ರಿ ತರುವ, ಮಾಲು ಒಪ್ಪಿಸುವ ಹೊತ್ತಿನಲ್ಲಿ. ಹಾಜರಿಪಟ್ಟಿಯಿಲ್ಲ, ಗೋಡೆಯ ಮೇಲೆ ಸಮಿತಿಯ ಹೆಸರು ಬರೆದ ಫಲಕವಿಲ್ಲ.

ಜಿಲ್ಲಾ ಕೇಂದ್ರವೂ ಹತ್ತಿರದಲ್ಲಿಲ್ಲ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿ, ಮರಾಠಿಯಲ್ಲೋ ದಖನಿಯಲ್ಲೋ ಗಡಿಯ ಕನ್ನಡದಲ್ಲೋ ಇರುವ ಸಂಕಟವನ್ನು ಲಿಖಿತ ಅರ್ಜಿಯಾಗಿಸಬೇಕು. ಬರೆಯಲಾಗದವಳಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯವೆಂದು ಕಾಯಿದೆಯೇ ಹೇಳುತ್ತದೆ. ಅದಕ್ಕಾಗಿ ತಾಲೂಕಿಗೊಬ್ಬ ನೋಡಲ್ ಅಧಿಕಾರಿಯಿದ್ದು, ದೂರನ್ನು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕೆಂದು 6ನೆಯ ಪ್ರಕರಣ ವಿಧಿಸುತ್ತದೆ. ಕಾಯಿದೆ ಬಂದು ಹನ್ನೊಂದು ವರ್ಷವಾದರೂ ದೇಶದ ಅನೇಕ ಕಡೆ ಈ ವ್ಯವಸ್ಥೆ ಆಗಿಲ್ಲದ್ದನ್ನು ಕಂಡು, 2024ರ ಡಿಸೆಂಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳ ಕೊನೆಯೊಳಗೆ ಜಿಲ್ಲಾ ಅಧಿಕಾರಿಗಳನ್ನೂ 2025ರ ಜನವರಿ 31ರೊಳಗೆ ಸ್ಥಳೀಯ ಸಮಿತಿಗಳನ್ನೂ ನೇಮಿಸಬೇಕೆಂದು ಆದೇಶಿಸಿತು. ದೂರು ಕೊಡುವವಳಿಗೆ ಮೂರು ತಿಂಗಳು. ದೂರು ತೆಗೆದುಕೊಳ್ಳುವವರನ್ನು ನೇಮಿಸಲು ಹನ್ನೊಂದು ವರ್ಷ.

2017ರ ಆಯವ್ಯಯದಲ್ಲಿ ಘೋಷಣೆಯಾಗಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಪ್ರತ್ಯೇಕ ತಾಲೂಕುಗಳಾದವು. ಹಾಗಾಗಿ ಕಾಯಿದೆಯ ಪ್ರಕಾರ ಈ ಸೀಮೆಯಲ್ಲಿ ಮೂರರ ಬದಲು ಐದು ನೋಡಲ್ ಅಧಿಕಾರಿಗಳಿರಬೇಕು. ಚಿಂಚಲಿಯ ಜಾತ್ರೆಯಂಥ ಕಡೆ ಗಡಿಯ ಎರಡೂ ಬದಿಯ ಕೂಲಿ ಹೆಣ್ಣುಮಕ್ಕಳು ಹಂಗಾಮು ಮುಗಿಯುವ ಮೊದಲೇ ಒಂದೆಡೆ ಸೇರುತ್ತಾರೆ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಗೆ ಎರಡೇ ತಿಂಗಳು; ಅಂದು ಕೊಟ್ಟ ದೂರು ಗಡುವಿನೊಳಗೇ ಇರುತ್ತದೆ. ರಾಯಬಾಗದ ನೋಡಲ್ ಅಧಿಕಾರಿ ಆ ಹುಣ್ಣಿಮೆಯಂದು ತಾಲೂಕು ಕಚೇರಿಯಲ್ಲಿರದೆ ಮಾಯಕ್ಕನ ಗುಡಿಯ ಬಯಲಿನಲ್ಲಿ ಕುಳಿತು, ಕನ್ನಡ ಮರಾಠಿ ಎರಡರಲ್ಲೂ ದೂರು ಬರೆದುಕೊಳ್ಳುವುದಕ್ಕೆ ಕಾಯಿದೆಯ ಯಾವ ಪ್ರಕರಣವೂ ಅಡ್ಡಬರುವುದಿಲ್ಲ.